ಅಪ್ರದಕ್ಷಿಣೆ

ಭೋಸರಿಯ ಪತ್ರಾಸಿನ ಶೆಡ್ಡಿನಲ್ಲಿ ಮೂರು ದಿನದ ತರಬೇತಿ.
ಫೀ ಸೇಠು ಕಟ್ಟಿದ್ದಾನೆ, ಪಗಾರದಲ್ಲಿ ಮುರಕೊಳ್ಳುತ್ತಾನೆ.
ಐವತ್ನಾಲ್ಕಕ್ಕೆ ನನಗೆ ಮತ್ತೆ ಒಂದನೇ ಇಯತ್ತೆ:
ಎದೆಗೆ ಹೆಸರಿನ ಚೀಟಿ, ಕಿವಿಗೆ ಬಿರಡೆ,
ಕನ್ನಡಕದ ಮೇಲೊಂದು ಕನ್ನಡಕ.

ಕಲಿಸುವವಳು ರೇವತಿ ಘಾಟಪಾಂಡೆ,
ನನ್ನ ಕಿರಿಮಗಳಿಗಿಂತ ಎರಡು ವರ್ಷ ಸಣ್ಣವಳು.
ಜಡೆಯನ್ನು ಅಂಗಿಯೊಳಗೆ ತೂರಿಸಿ
ಬಳೆ ಬಿಚ್ಚಿ ಮೊಳೆಯ ಡಬ್ಬಿಯಲ್ಲಿಟ್ಟು
ರೌಟರಿನ ಬಾಯಿಗೆ ಬಿಟ್ ಕೊಡುತ್ತಾಳೆ.
"ತಳ ಮುಟ್ಟಿಸಿ. ಆಮೇಲೆ ಗೋದಿಕಾಳಿನಷ್ಟು ಮೇಲೆತ್ತಿ.
ತಳಕ್ಕೊತ್ತಿ ಬಿಗಿದರೆ ಬಿಗಿದಂತೆ ಕಾಣುತ್ತದೆ,
ಬಿಗಿದಿರುವುದಿಲ್ಲ."
ತೊಟ್ಟಿಲ ಕೀಲಿಗೆ ಅಪ್ಪ ಬಿಡುತ್ತಿದ್ದ ಸಂದೂ
ಗೋದಿಕಾಳಿನಷ್ಟೇ. ಅದನ್ನು ನಾನು ಹೇಳಲಿಲ್ಲ.

ಗುಂಡಿ ಒತ್ತಿದಳು.
ನಿಮಿಷಕ್ಕೆ ಇಪ್ಪತ್ತೆರಡು ಸಾವಿರ ಸುತ್ತು.
ಉಳಿ ಮರದ ಜೊತೆ ಮಾತಾಡುತ್ತದೆ;
ಇದು ಮರ ಏನಾದರೂ ಅನ್ನುವ ಮೊದಲೇ
ಮುಗಿಸಿಬಿಟ್ಟಿರುತ್ತದೆ.

ನನ್ನ ಸರದಿ. ಸಾಗವಾನಿಯ ಚೌಕಟ್ಟು, ಹೊರ ಅಂಚು.
ಕೈ ತಾನಾಗಿ ಹೊರಟಿತು,
ಹನುಮಪ್ಪನ ಸುತ್ತ ಹೊರಟಂತೆ, ಬಲಗೊಂಡು.
ಒಂದು ಗೇಣು ದಾಟಿಲ್ಲ,
ಇಳಿಜಾರಿನ ಸೈಕಲ್ಲಿನಂತೆ ಕಿತ್ತುಕೊಂಡು ಓಡಿತು.
ಅಂಚಿನಲ್ಲಿ ಹಲ್ಲು ಮೂಡಿದ ಗಾಯ.
ಭೋಮಾರಾಮ ಸುತಾರ ಕಿಸಕ್ಕನೆ ನಕ್ಕ,
ಆಮೇಲೆ ಅವನೂ ಹಾಗೇ ಮಾಡಿದ.

"ಉಲ್ಟಾ, ಕಾಕಾ, ಉಲ್ಟಾ."
ನೆಲದ ಮೇಲೆ ಸೀಮೆಸುಣ್ಣದಿಂದ ಬಾಣ ಬರೆದಳು.
"ಹೊರ ಅಂಚಿಗೆ ಅಪ್ರದಕ್ಷಿಣೆ.
ಒಳ ಅಂಚಿಗೆ ಪ್ರದಕ್ಷಿಣೆ.
ಅದು ತಿರುಗುವುದಕ್ಕೆ ಎದುರಾಗಿಯೇ ಹೋಗಬೇಕು.
ಜೊತೆಗೆ ಹೋದರೆ ಎಳಕೊಂಡು ಹೋಗುತ್ತದೆ.
ಎದುರು ನಿಂತರೆ ಕೆಲಸ ಮಾಡುತ್ತದೆ."
ಆಮೇಲೆ ಅಂದಳು: ಸಾವಕಾಶ.

ಅಷ್ಟು ಹೊತ್ತು ಅವಳ ಮರಾಠಿಯನ್ನು
ತಲೆಯೊಳಗೆ ಕೀಸಿ ಕೀಸಿ ಕನ್ನಡ ಮಾಡಿಕೊಳ್ಳುತ್ತಿದ್ದೆ.
ಈ ಮಾತಿಗೆ ಕೀಸುವ ಕೆಲಸ ಬೀಳಲಿಲ್ಲ.
ಹುನಗುಂದದಲ್ಲಿ ಅವ್ವ
ಬಿಸಿ ಚಹಾದ ಬಸಿ ಕೈಗಿಡುತ್ತ ಅನ್ನುತ್ತಿದ್ದುದೂ ಇದನ್ನೇ.

ತೀರಾ ಸಾವಕಾಶವೂ ಸಲ್ಲದು.
ನಿಂತಲ್ಲಿ ಮರ ಸುಟ್ಟು ಕಪ್ಪಾಗುತ್ತದೆ.
ಒಂದು ಸಲಕ್ಕೆ ಮೂರು ಮಿಲಿಮೀಟರ್ ಆಳ, ಆಸೆ ಬೇಡ.
ಮೊದಲು ಅಡ್ಡ ನಾರು, ಆಮೇಲೆ ಉದ್ದ ನಾರು:
ಅಡ್ಡದಲ್ಲಿ ಕಿತ್ತ ಚಕ್ಕೆಯ ಕಲೆಯನ್ನು
ಉದ್ದದ್ದು ಒರೆಸಿಕೊಂಡು ಹೋಗುತ್ತದೆ.
ಇದನ್ನು ಎರಡನೇ ದಿನ ಪೂರ್ತಿ ಮಾಡಿದೆವು.
ಮೂಗಿನೊಳಗೆಲ್ಲ ಸಾಗವಾನಿ.
ರಾತ್ರಿ ಊಟದ ತಾಟು ಹಿಡಿದರೂ
ಅಂಗೈ ಗುಂಯ್ ಅನ್ನುತ್ತಿತ್ತು.

ಮೂರನೇ ದಿನ ಬಿಜಾಗರಿಯ ಗುಳಿ.
ಪಡಿಯಚ್ಚು ಬಿಗಿದು ಕೊರೆದರೆ, ಆಹಾ, ಕನ್ನಡಿಯಂಥ ತಳ.
ಆದರೆ ನಾಲ್ಕು ಮೂಲೆಯೂ ದುಂಡಗೆ.
"ಇದಕ್ಕೆ ಚೌಕ ಗೊತ್ತಿಲ್ಲ, ಕಾಕಾ" ಎಂದು
ಶೆಡ್ಡಿನ ಉಳಿ ಹುಡುಕಿದಳು. ಮೊಂಡು.
ನನ್ನ ಚೀಲದಲ್ಲಿ, ಹಳೇ ಧೋತರದ ತುಂಡಿನಲ್ಲಿ ಸುತ್ತಿ,
ಒಂದಿತ್ತು. ತೆಗೆದೆ.
ಎಲ್ಲ ಮಷೀನು ಬಂದ್ ಮಾಡಿಸಿದಳು,
ಕಿವಿಯ ಬಿರಡೆ ಕಿತ್ತು ಬಾಗಿ ನಿಂತಳು.
ಟಕ್. ಟಕ್. ಮೂರು ಮೂಲೆ ಬಿಡಿಸಿದೆ.
ನಾಲ್ಕನೆಯದು ಕೇಳಿ ಇಸಕೊಂಡಳು.
ಚೂರು ಹಾರಿತು.
ನಾನು ಏನೂ ಅನ್ನಲಿಲ್ಲ.
ತನಗೆ ತಾನೇ ಅಂದುಕೊಂಡಳು: ಸಾವಕಾಶ.

ಸಂಜೆ ಸರ್ಟಿಫಿಕೇಟು ಕೊಟ್ಟರು,
ಬಡಿಗೇರನ ದೀರ್ಘ ನುಂಗಿ ಬಡಿಗರ್ ಮಾಡಿದ್ದರು.
ಬಸ್ಸು ತಡ. ನಿಲ್ದಾಣದ ಬಗಲಿಗೆ ಸಣ್ಣದೊಂದು ದತ್ತನ ಗುಡಿ.
ಚಪ್ಪಲಿ ಬಿಟ್ಟೆ, ಗಂಟೆ ಹೊಡೆದೆ,
ಸುತ್ತಲು ಹೊರಟ ಕಾಲು
ಹಾಗೇ ನಿಂತಿತು.

ಮೂವತ್ತೊಂದು ವರ್ಷವಾಯಿತು ಈ ಊರಿಗೆ ಬಂದು.
ಯಾರನ್ನು ಕೇಳಲಿ,
ನಾನಿರುವುದು ಒಳ ಅಂಚೋ, ಹೊರ ಅಂಚೋ?