ಏಳನೇ ಟೇಬಲ್ಲಿನ ಎಂಜಲು

ಕಮ್ಮನಹಳ್ಳಿಯ ಕೊರಿಯನ್ ಹೋಟೆಲಿನ ಹಿಂದೆ
ತಟ್ಟೆ ತೊಳೆಯುವವನು ನಾನು.
ಎಲ್ಲರೂ ‘ತಮ್ಮಾ’ ಅನ್ನುತ್ತಾರೆ, ಹೆಸರು ಕೇಳಿದವರಿಲ್ಲ.
ಅವಳ ಮುಖ ನಾನೂ ನೋಡಿಲ್ಲ.
ಮಂಗಳವಾರ, ಏಳನೇ ಟೇಬಲ್.

ಈರುಳ್ಳಿಸೊಪ್ಪನ್ನು ಅಂಚಿಗೆ ಸಾಲಾಗಿ ಇಡುತ್ತಾಳೆ.
ಮೂಳೆಗೆ ಎಲೆ ಹೊದಿಸುತ್ತಾಳೆ, ಕೂಸು ಮಲಗಿಸಿದ ಹಾಗೆ.
ಅಳುವ ವಾರಗಳಲ್ಲಿ ಅನ್ನ ಅರ್ಧ ಉಳಿಯುತ್ತದೆ,
ಮರದ ಚಮಚದ ಮೇಲೆ ಹಲ್ಲಿನ ಗುರುತು.

ಮೊದಲು ಒಂದೇ ಎಳೆ ಹುಳಿಕೋಸು,
ನಲ್ಲಿ ಜೋರಾಗಿ ಬಿಟ್ಟುಕೊಂಡು, ಗೋಡೆಗೆ ಮುಖ ಮಾಡಿ.
ಒಬ್ಬರ ಎಂಜಲು ಮುಟ್ಟದ ಹಾಗೆ ಬೆಳೆಸಿದ್ದಳು ಅಮ್ಮ.
ಆಮೇಲೆ ಬುಧವಾರದಿಂದ ಸೋಮವಾರದವರೆಗೆ
ನನಗೆ ಹಸಿವಾಗುವುದೇ ನಿಂತಿತು.

ಅಡುಗೆಯವ ಬೀಡಿಗೆ ಹೋದಾಗ
ಅವಳ ಸಾರಿಗೆ ಒಂದು ಚಿಟಿಕೆ ಉಪ್ಪು ಹೆಚ್ಚಿಗೆ.
ಉಪ್ಪು ತಿಂದವರು ನೀರು ಕುಡಿಯಲೇಬೇಕಲ್ಲ,
ಲೋಟ ಎಷ್ಟು ಸಲ ಒಳಗೆ ಬಂತೆಂದು ಎಣಿಸಿದೆ.
ನಾಲ್ಕು.
ಮುಂದಿನ ವಾರ ಎರಡು ಚಿಟಿಕೆ. ಏಳು.
ಆದರೂ ಬಟ್ಟಲಿನ ತಳದಲ್ಲಿ
ಅಳತೆ ಮಾಡಿದ ಹಾಗೆ ಒಂದು ಗುಟುಕು ಇತ್ತು.

ನಿನ್ನೆ ತಟ್ಟೆ ಬಂತು.
ನೆಕ್ಕಿದಷ್ಟು ಚೊಕ್ಕ. ಅದರೊಳಗೆ ನನ್ನ ಮುಖ.
ಕೈ ನಡುಗಿತು. ಇಡೀ ವಾರ ಏನು ತಿನ್ನಲಿ?

ಹನ್ನೊಂದೂವರೆಗೆ ಕಸದ ಚೀಲ ಹಿಡಿದು
ಹಿಂಬಾಗಿಲು ತೆಗೆದರೆ
ಮೆಟ್ಟಿಲ ಮೇಲೆ ಸ್ಟೀಲಿನ ಡಬ್ಬಿ, ಇನ್ನೂ ಬಿಸಿ.
ಟ್ರಾನ್ಸ್‌ಫಾರ್ಮರಿನ ಆಚೆಯ ಕತ್ತಲಿಂದ ದನಿ:

‘ಪೂರ್ತಿ ತಿನ್ನಬೇಡ, ಚೌಡಪ್ಪ.
ಅಂಚಿನಲ್ಲಿ ನನಗೆ ಸ್ವಲ್ಪ ಬಿಡು.’