ನಾಲ್ಕನೇ ಜ್ವರ

ಶಿಡ್ಲಘಟ್ಟದ ಆಸ್ಪತ್ರೆ, ಹಿಂದಿನ ಕೋಣೆ, ನನ್ನ ಲ್ಯಾಬು.
ಖೈರುನ್ನಿಸಾ ಎಡಗೈ ಚಾಚಿದರು.
ಬಲಗೈ ಮುಟ್ಟಬೇಡಿ ಅಂದರು:
ಹೆಬ್ಬೆರಳು ಗುಂಡುಬದನೆಯಂತೆ ಊದಿತ್ತು.
ಇಪ್ಪತ್ತಾರು ವರ್ಷ ಬಿಸಿನೀರಲ್ಲಿ ಗೂಡು ತಡಕಿ
ಎಳೆಯ ತುದಿ ಹುಡುಕಿದ ಬೆರಳು.
ಉಗುರ ಸಂದಿಗೆ ಏನೋ ಹೊಕ್ಕಿದೆ,
ಸತ್ತ ಹುಳುವಿನ ಚೂರೋ, ಬೇಸಿನ್ನಿನ ನಾರುವ ನೀರೋ.
ಮೂರು ದಿನದಿಂದ ಜ್ವರ.

"ಎಷ್ಟನೇ ಜ್ವರ?" ಅಂದೆ, ತಮಾಷೆಗೆ.
ನಕ್ಕರು. ನಮ್ಮ ಕಡೆ ಹುಳು ಪೊರೆ ಬಿಡುವುದಕ್ಕೂ
ಜ್ವರ ಅಂತಲೇ ಹೆಸರು.
ತಲೆಯೆತ್ತಿ ಮಲಗಿಬಿಡುತ್ತದೆ, ಸೊಪ್ಪು ಮುಟ್ಟುವುದಿಲ್ಲ;
ನಾಲ್ಕನೆಯದು ಎದ್ದ ಮೇಲೆ ಹಸಿವೇ ಹಸಿವು.
"ನಾಲ್ಕೂ ಆಗಿಹೋಗಿದೆ ಕಣಮ್ಮಾ,
ಇದು ಹಣ್ಣಾಗೋ ಜ್ವರ."

ಒಂದು ಹನಿ ಗಾಜಿನ ಮೇಲೆ ಎಳೆದೆ, ಬಣ್ಣ ಹಾಕಿದೆ, ಕಾದೆ.
ಬಿಳಿಕಣ ಹದಿನೆಂಟು ಸಾವಿರದ ನಾನೂರು.

ಪುಸ್ತಕದಲ್ಲಿ ಇದನ್ನು ಸೈನ್ಯ ಅಂತಾರೆ. ನಾನು ಒಪ್ಪಲ್ಲ.
ಸೈನ್ಯಕ್ಕೆ ದೊರೆ ಬೇಕು, ಇಲ್ಲಿ ಯಾರೂ ದೊರೆಯಲ್ಲ.
ಕಣದ ಹೊರಗೋಡೆಯಲ್ಲೊಂದು ಕೊಂಡಿ.
ಸೂಕ್ಷ್ಮಾಣುವಿನ ಸಿಪ್ಪೆ ಅದಕ್ಕೆ ತಗುಲಿದರೆ
ಒಳಗೊಬ್ಬ ಎಚ್ಚೆತ್ತು ಪಕ್ಕದವನ ಮೈಗೆ
ಒಂದು ಫಾಸ್ಫೇಟ್ ಅಂಟಿಸುತ್ತಾನೆ,
ಅವನು ಮುಂದಿನವನಿಗೆ, ಅವನು ಅದರ ಮುಂದಿನವನಿಗೆ.
ಕೈನೇಸ್ ಅಂತ ಆ ಕಿಣ್ವದ ಹೆಸರು.
ಹೆಸರಲ್ಲೇ ಕೈ ಇದೆ. ನೇಯುವುದೂ ಅರ್ಧ ಇದೆ.
ಕೊನೆಯ ಕೈ ಒಂದು ಬೀಗದ ಮೇಲೆ ಬೀಳುತ್ತದೆ.
ಬೀಗ ಕರಗುತ್ತದೆ, ಅದು ತಡೆದಿದ್ದ ಮಾತು
ಕಣದ ನಡುಮನೆಗೆ ಹೋಗಿ ಪುಟ ತೆರೆಯುತ್ತದೆ.
ಆಮೇಲೆ ಕೆಂಪು, ಊತ, ಬಿಸಿ, ನೋವು.
ಈ ನಾಲ್ಕೂ ರೋಗದ್ದಲ್ಲ,
ಖೈರುನ್ನಿಸಾರದ್ದೇ.

ಮೇಲೂರಿನಲ್ಲಿ ನಮ್ಮ ಚಿಕ್ಕಮ್ಮ ಹುಳು ಸಾಕುತ್ತಾರೆ.
ಒಮ್ಮೆ ಅಂಗೈಯಲ್ಲೊಂದನ್ನು ಇಟ್ಟು ತೋರಿಸಿದ್ದರು,
ಪಕ್ಕೆಯಲ್ಲಿ ಕರೀ ಮಚ್ಚೆ.
"ಊಜಿ ನೊಣ ಇಟ್ಟ ಗುರುತು" ಅಂದರು.
ಇಲ್ಲ ಚಿಕ್ಕಮ್ಮ, ನೊಣದ ಹತ್ತಿರ ಮಸಿ ಎಲ್ಲಿದೆ?
ಕಿಣ್ವ ಕಿಣ್ವವನ್ನು ಎಬ್ಬಿಸಿ
ಹುಳುವೇ ತನ್ನ ಗಾಯಕ್ಕೆ ಬಳಿದುಕೊಂಡ ಕಪ್ಪು ಅದು.
ಅದರೊಳಗೂ ಅಂಥದೇ ಕೊಂಡಿ,
ಕೊಂಚ ವೇಷ ಬದಲಿಸಿದ ಅದೇ ಕೈನೇಸ್.
ಕುದಿಸುವವಳ ಬೆರಳಲ್ಲಿರುವುದು
ಕುದಿಯುವುದರ ಮೈಯಲ್ಲೂ ಇತ್ತು.
ಖೈರುನ್ನಿಸಾಗೆ ಇದನ್ನು ಹೇಳಬೇಕೆನಿಸಿತು.
ಹೇಳಲಿಲ್ಲ.

ಇನ್ನೊಬ್ಬನಿದ್ದಾನೆ.
ಅಂಟಿಸಿದವನ ಹಿಂದೆಯೇ ಬಂದು ಕಿತ್ತು ಹಾಕುವವನು,
ಫಾಸ್ಫಟೇಸ್. ಅವನಿಗೆ ಬರುವುದು ಒಂದೇ ಮಾತು: ಸಾಕು.
ನಾನು ಓದುವಾಗ ಅವನ ಮೇಲೆ
ಎರಡು ಮಾರ್ಕಿನ ಪ್ರಶ್ನೆಯೂ ಬಂದಿರಲಿಲ್ಲ.

ವಾರ್ಡಿನ ಗಂಗುಲಪ್ಪನಿಗೆ ಕಾಲಲ್ಲಿ ಬರೀ ಒಂದು ಗಾಯ.
ಮದ್ದಿಗೆ ಸೂಕ್ಷ್ಮಾಣು ಸತ್ತಿತ್ತು.
ಚಿಕ್ಕಬಳ್ಳಾಪುರದಿಂದ ಬಂದ ಕಲ್ಚರ್ ವರದಿ, ಏನೂ ಬೆಳೆದಿಲ್ಲ,
ನಾನೇ ಕೇಸ್ ಶೀಟಿಗೆ ಅಂಟಿಸಿದೆ.
ಮೈ ಮಾತ್ರ ಕೂಗುತ್ತಲೇ ಇತ್ತು,
ಗೂಡು ಮಾರಿಹೋದ ಮೇಲೂ ಖಾಲಿ ಮಾರುಕಟ್ಟೆಯಲ್ಲಿ
ಯಾರೋ ಬೆಲೆ ಏರಿಸುತ್ತಲೇ ಇರುವ ಹಾಗೆ.
ಮೊದಲು ಕಿಡ್ನಿ. ಆಮೇಲೆ ಉಸಿರು.
ಅವನ ಸೈಕಲ್ಲು ಬೇವಿನ ಮರದಡಿ
ಒಂದು ತಿಂಗಳು ನಿಂತಿತ್ತು.

ಆರನೇ ದಿನ ಖೈರುನ್ನಿಸಾ ಮತ್ತೆ ಬಂದರು.
ಒಂಬತ್ತು ಸಾವಿರದ ನೂರು.
ಎರಡು ಸಲ ಎಣಿಸಿದೆ, ಅಗತ್ಯವಿರಲಿಲ್ಲ.
ಹೆಬ್ಬೆರಳ ಚರ್ಮ ಸಿಪ್ಪೆಸಿಪ್ಪೆಯಾಗಿ ಸುಲಿಯುತ್ತಿತ್ತು.
"ನೋಡಿ, ಪೊರೆ ಬಿಡ್ತಿದ್ದೀನಿ" ಅಂದರು.
ಹಸಿವಂತೆ. ಬರುವಾಗಲೇ ಗಾಡಿಯಲ್ಲಿ ಆರು ಇಡ್ಲಿ ತಿಂದರಂತೆ.
ಸೋಮವಾರದಿಂದ ಮತ್ತೆ ಬೇಸಿನ್ನು.

ಗ್ಲೌಸಿನ ಪೊಟ್ಟಣ ಕೊಟ್ಟೆ.
ಒಂದನ್ನು ತೊಟ್ಟು ಬೆರಳಿಗೆ ಬೆರಳು ಉಜ್ಜಿ ನೋಡಿದರು,
"ಇದರಲ್ಲಿ ಎಳೆ ಸಿಗಲ್ಲ" ಅಂದರು,
ತೆಗೆದು, ಮಡಿಸಿ, ಮೈಕ್ರೋಸ್ಕೋಪಿನ ಪಕ್ಕ ಇಟ್ಟು ಹೋದರು.