ಎಡಗಡೆಯ ಸೊನ್ನೆ

ಬತೂಮಿಯ ಬಂದರು ಆಸ್ಪತ್ರೆ, ಮೂರನೇ ರಾತ್ರಿ.
ಗೋಡೆಯ ಹಳೇ ಟೆಲಿಫೋನ್ ಪೆಟ್ಟಿಗೆಗೂ
ಹೊಸ ಮೆಸೇಜ್ ತಂತ್ರಾಂಶಕ್ಕೂ ಹೊಂದಿಕೆಯಿಲ್ಲ.
ಲಾಗ್ ಓದಿದೆ, ಕೇಬಲ್ ಬದಲಿಸಿದೆ,
ಸರ್ವರನ್ನು ಎರಡು ಸಲ ಮಲಗಿಸಿ ಎಬ್ಬಿಸಿದೆ.
ದೊಡ್ಡ ಡಾಕ್ಟರು ನುಗ್ಜಾರರ ಮೇಜಿಗೆ ಮಾತ್ರ
ಹನ್ನೊಂದು ದಿನದಿಂದ ಮೌನವ್ರತ.

ನಸುಕಿಗೆ ಸಿಕ್ಕಿತು:
ಅವರದು ಸೊನ್ನೆ ನಾಲ್ಕು ಒಂದು ಏಳು.
ಎಡಗಡೆಯ ಸೊನ್ನೆಗೆ ಎಲ್ಲಿಯ ಬೆಲೆ ಎಂದು
ತಂತ್ರಾಂಶ ಒರೆಸಿಹಾಕಿದೆ.
ಉಳಿದದ್ದು ನಾನೂರ ಹದಿನೇಳು:
ನೆಲಮಾಳಿಗೆ, ಬಟ್ಟೆ ಒಗೆಯುವ ಕೋಣೆ.

ಇಳಿದುಹೋದೆ.
ಹಬೆಯೊಳಗೆ ತ್ಸಿಯಾಲಾ ದಿಂಬಿನ ಚೀಲ ಮಡಿಸುತ್ತಿದ್ದಳು.
'ಕರೆ ಬಂದವೇ?'
'ಬರದೇ? ಒಬ್ಬ ಮುದುಕ, ದಿನಾ ಸಂಜೆ,
ತಂಗಿ ಹೇಗಿದ್ದಾಳೆ ಅಂತಾನೆ.
ಮೇಲೆ ಹತ್ತಿ ನೋಡಿಬಂದು ಹೇಳ್ತೀನಿ.'
'ಡಾಕ್ಟರಲ್ಲ ಅನ್ನಲಿಲ್ಲವೇ?'
'ಕೇಳಲಿಲ್ಲ ಅವನು.'

ಒಂದೇ ಸಾಲು ತಿದ್ದಿದೆ:
ಇದನ್ನು ಅಂಕೆಯಲ್ಲ, ಅಕ್ಷರವೆಂದು ಓದು.
ಸೊನ್ನೆ ಮರಳಿತು. ದೂರು ಮುಚ್ಚಿದೆ.
ಸಂಜೆ ಮೇಲಿನ ಫೋನು
ಖಾಲಿ ಕುರ್ಚಿಗೆ ಒಂಬತ್ತು ಸಲ ಬಡಿದುಕೊಂಡಿತು.

ಆಮೇಲೆ ನನ್ನ ಮೊಬೈಲಿಗೆ ತ್ಸಿಯಾಲಾ:
'ಮುದುಕನ ಕರೆ ಬರಲಿಲ್ಲ.
ತಂಗಿ ಇವತ್ತು ಎದ್ದು ಕೂತು ಸೂಪು ಕುಡಿದಳು.
ಯಾರಿಗೆ ಹೇಳಲಿ?'